ಐಸ್ ಮೆಷಿನ್ನಿನ ಹಿಂದಿನ ಬಿಸಿಗಾಳಿ

ನೈರೋಬಿಯ ಸೌತ್ ಬಿ ಬಡಾವಣೆಯ ನಮ್ಮ ಮನೆಯಲ್ಲಿ ಅಡುಗೆಮನೆಯ ಹಿಂಗೋಡೆ ಹಗಲೂ ರಾತ್ರಿ ಸಣ್ಣಗೆ ನಡುಗುತ್ತಿತ್ತು. ಕಣ್ಣಿಗೆ ಕಾಣುವಷ್ಟಲ್ಲ, ಅಂಗೈ ಇಟ್ಟರೆ ಗೊತ್ತಾಗುವಷ್ಟು. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಮನೆಗೆ ಬಂದವರು ಭೂಕಂಪವೇ ಎಂದು ಕೇಳುತ್ತಿದ್ದರು; ನಮಗೆ ಅದು ಕಿವಿಗೇ ಬೀಳುತ್ತಿರಲಿಲ್ಲ. ಗೋಡೆಯ ಆಚೆಗಿದ್ದದ್ದು ಎಸ್‌ಕ್ಯೂ. ನೈರೋಬಿಯ ಮನೆಗಳಿಗೆ ಹಿತ್ತಲಲ್ಲಿ ಕೆಲಸದವರಿಗೆಂದು ಕಟ್ಟಿಸಿದ ಕೋಣೆಯೊಂದಿರುತ್ತದೆ, ಅದನ್ನು ಎಲ್ಲರೂ ಎಸ್‌ಕ್ಯೂ ಎಂದೇ ಕರೆಯುವುದು. ನಮ್ಮ ಎಸ್‌ಕ್ಯೂನಲ್ಲಿ ವಾಸವಿದ್ದದ್ದು ಅಪ್ಪನ ಐಸ್ ಮೆಷಿನ್. ಮುಚ್ಚಿಹೋದ ಹೋಟೆಲೊಂದರಿಂದ ಅಪ್ಪ ಅದನ್ನು ಪಿಕಪ್‌ನಲ್ಲಿ ಹೇರಿಸಿಕೊಂಡು ತಂದ ದಿನ ಅಮ್ಮ ಊಟ ಮಾಡದೆ ಮಲಗಿದ್ದಳು. ಸಿಟ್ಟಿಗೆ ಕಾರಣ ಮೆಷಿನ್ ಅಲ್ಲ, ಆ ಐಸ್ ಹೋಗುತ್ತಿದ್ದ ಜಾಗ. ಅಪ್ಪನ ಗಿರಾಕಿಗಳೆಲ್ಲ ಮೀನು ಮಾರುವವರು. ನಾವೋ ಈರುಳ್ಳಿಯನ್ನೂ ವಾರ ನೋಡಿ ತಿನ್ನುವವರು.

ಅಮ್ಮನನ್ನು ಒಲಿಸಿದ್ದು ಅಪ್ಪನ ಮಾತಲ್ಲ, ಇಡ್ಲಿ ಹಿಟ್ಟು. ಆಫ್ರಿಕಾ ಎಂದರೆ ಸುಡುಬಿಸಿಲು ಎಂದುಕೊಂಡು ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ನೈರೋಬಿಯ ಜುಲೈ ತಿಂಗಳ ಚಳಿ ದೊಡ್ಡ ಮೋಸ ಮಾಡಿತ್ತು. ಹಿಟ್ಟು ಉಬ್ಬುತ್ತಲೇ ಇರಲಿಲ್ಲ. ಪಾತ್ರೆಗೆ ಅಪ್ಪನ ಸ್ವೆಟರ್ ತೊಡಿಸಿ ನೋಡಿದಳು, ಕಂಬಳಿ ಹೊದಿಸಿ ನೋಡಿದಳು, ಓವನ್ನಿನೊಳಗೆ ದೀಪ ಉರಿಸಿ ಇಟ್ಟಳು. ಬೆಳಿಗ್ಗೆ ಮುಚ್ಚಳ ತೆಗೆದರೆ ರಾತ್ರಿ ಇಟ್ಟ ಮಟ್ಟದಲ್ಲೇ ಹಿಟ್ಟು ತಣ್ಣಗೆ ಕೂತಿರುತ್ತಿತ್ತು. ಅದನ್ನು ನೋಡಿ ಅವಳು ಅತ್ತದ್ದೂ ಉಂಟು. ಹಿಟ್ಟಿಗಾಗಿ ಅಳುವವರುಂಟೇ ಎಂದು ಆಗ ನಾನು ನಕ್ಕಿದ್ದೆ. ಮೆಷಿನ್ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ ಅಪ್ಪ ಮಾತಾಡದೆ ಹಿಟ್ಟಿನ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಮೆಷಿನ್ನಿನ ಹಿಂದೆ ಇಟ್ಟು ಬಂದ. ಮುಂದಿನಿಂದ ಐಸ್ ಉದುರಿಸುವ ಮೆಷಿನ್ ಹಿಂದಿನಿಂದ ಬಿಸಿಗಾಳಿ ಬಿಡುತ್ತದೆ. ನೀರಿನಿಂದ ಕಿತ್ತ ಶಾಖ ಎಲ್ಲಿಗಾದರೂ ಹೋಗಬೇಕಲ್ಲ. ಮರುದಿನ ಹಿಟ್ಟು ಮುಚ್ಚಳ ತಳ್ಳಿಕೊಂಡು ಹೊರಗೆ ಬಂದಿತ್ತು. ಅಂದಿನಿಂದ ಅಮ್ಮ ಮೆಷಿನ್ನಿನ ಪಕ್ಷ. ಯಾರಾದರೂ ಮೀನಿನ ಮಾತೆತ್ತಿದರೆ ನಾವು ಮಾರೋದು ನೀರು, ಸ್ವಲ್ಪ ಗಟ್ಟಿಯಾದ ನೀರು ಅಷ್ಟೆ, ಎನ್ನುತ್ತಿದ್ದಳು. ಆದರೂ ಮೀನಿನ ಕ್ರೇಟು ಗೇಟು ದಾಟಿ ಒಳಗೆ ಬರುವಂತಿರಲಿಲ್ಲ. ನಮ್ಮ ದೊಡ್ಡ ಗಿರಾಕಿ ಮಾಮಾ ಅಕಿನ್ಯಿ ಎಂಬಾಕೆ, ಎತ್ತರದ ಆಳು, ಆಟೋದಂಥ ಟುಕ್‌ಟುಕ್‌ನಲ್ಲಿ ಬಂದು ಗೇಟಿನ ಹೊರಗೇ ನಿಂತು ‘ಬರಾಫು’ ಎಂದು ಕೂಗುತ್ತಿದ್ದಳು. ಬರಾಫು ಎಂದರೆ ಐಸ್. ಅಪ್ಪ ಬಕೆಟ್ಟುಗಳನ್ನು ಹೊತ್ತುಕೊಂಡು ಹೋಗಿ ಅವಳ ಕ್ರೇಟಿಗೆ ಸುರಿದು ಬರುತ್ತಿದ್ದ.

ಅಪ್ಪ ಮೊದಲು ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಾರ್ಖಾನೆಯಲ್ಲಿ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುವ ಇಂಜಿನಿಯರ್ ಆಗಿದ್ದ. ಅವರು ಆ ವಿಭಾಗವನ್ನೇ ಮುಚ್ಚಿದಾಗ ಅವನ ಮುಂದೆ ಇದ್ದದ್ದು ಕಿಸುಮುವಿನ ಕೆಲಸ. ಕಿಸುಮು ದೊಡ್ಡ ಸರೋವರದ ದಂಡೆಯ ಊರು, ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಅಲ್ಲಿನ ಮೀನು ಕಾರ್ಖಾನೆಯವರು ಅವನನ್ನು ಬಾ ಬಾ ಎಂದು ಕರೆಯುತ್ತಿದ್ದರು. ಹೋದರೆ ತಿಂಗಳಿಗೊಮ್ಮೆ ಮನೆಗೆ. ಅಪ್ಪನಿಗೆ ರಾತ್ರಿಯ ಊಟ ಮನೆಯಲ್ಲೇ ಆಗಬೇಕು, ಊಟವಾದ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಟಿವಿ ನೋಡಬೇಕು. ಅದಕ್ಕೇ ಈ ಮೆಷಿನ್. ಯಾರೂ ನನ್ನನ್ನು ಕೂರಿಸಿಕೊಂಡು ವಿವರಿಸಲಿಲ್ಲ, ಆದರೆ ಆ ಮನೆಯಲ್ಲಿ ಬೆಳೆದ ಮಗುವಿಗೆ ಅದು ತಾನಾಗಿ ತಿಳಿಯುತ್ತಿತ್ತು: ಮೆಷಿನ್ ನಡೆದರೆ ಅಪ್ಪ ಮನೆಯಲ್ಲಿ, ನಿಂತರೆ ಕಿಸುಮುವಿನಲ್ಲಿ.

ಮೆಷಿನ್ನಿನ ಜೀವ ಇದ್ದದ್ದು ಒಂದು ತಿರುಪಿನಲ್ಲಿ. ಅಪ್ಪ ಅದನ್ನು ಆಗರ್ ಎನ್ನುತ್ತಿದ್ದ, ಅಮ್ಮನಿಗೆ ಅದು ಚಕ್ಕುಲಿ ಒರಳಿನ ತಿರುಪು. ನನ್ನ ತೋಳಿನಷ್ಟು ಉದ್ದದ ಸ್ಟೀಲ್ ಕೊಳವೆ, ಅದರ ನಡುವೆ ನೆಟ್ಟಗೆ ನಿಂತ ತಿರುಪು. ಕೊಳವೆಯ ಗೋಡೆಯನ್ನು ಹೊರಗಿನಿಂದ ತಣ್ಣಗೆ ಮಾಡುತ್ತಾರೆ, ಒಳಗಿನ ನೀರು ಗೋಡೆಗೆ ತೆಳ್ಳಗೆ ಹೆಪ್ಪುಗಟ್ಟುತ್ತದೆ, ತಿರುಪು ನಿಧಾನವಾಗಿ ತಿರುಗುತ್ತಾ ಅದನ್ನು ಹೆರೆದು ಮೇಲಕ್ಕೆ ನೂಕುತ್ತದೆ. ಮೇಲಿನ ಬಾಯಿಂದ ತೆಂಗಿನ ತುರಿಯ ಹಾಗೆ ಐಸ್ ಉದುರುತ್ತದೆ. ಇಷ್ಟೇ ವಿದ್ಯೆ. ಇದರಲ್ಲಿ ಕೆಡುವುದೂ ಒಂದೇ ಕಡೆ. ಅಪ್ಪ ಅದನ್ನು ನನಗೆ ಎಷ್ಟು ಸಲ ಹೇಳಿದ್ದನೋ.

“ಐಸ್ ಗೋಡೆ ಮೇಲೆ ಕಟ್ಟಬೇಕು ಪುಟ್ಟಿ, ತಿರುಪಿನ ಮೇಲೆ ಕೂರಬಾರದು. ಕೂತ್ರೆ ಗೋಡೆ, ತಿರುಪು ಎಲ್ಲಾ ಒಂದೇ ಗಡ್ಡೆ ಆಗೋಗುತ್ತೆ. ಆಮೇಲೆ ಮೋಟಾರು ತಿರುಗಿಸಕ್ಕೆ ಹೋದ್ರೆ ಏನೋ ಒಂದು ಮುರೀಲೇಬೇಕು.”

ಹಾಗೆ ಕೂರದ ಹಾಗೆ ನೋಡಿಕೊಳ್ಳುವುದೇ ನಮ್ಮ ಸಂಸಾರವಾಗಿತ್ತು. ಭಾನುವಾರ ಬೆಳಿಗ್ಗೆ ಬೇರೆ ಮನೆಯವರು ಪಾರ್ಕ್‌ಲ್ಯಾಂಡ್ಸಿನ ದೇವಸ್ಥಾನಕ್ಕೆ ಹೊರಟರೆ ನಾವು ಮೂವರೂ ಹಿತ್ತಲ ಜಗಲಿಯ ಮೇಲೆ ಹಳೇ ಬೆಡ್‌ಶೀಟು ಹಾಸಿ ತಿರುಪನ್ನು ಬಿಚ್ಚಿ ಮಲಗಿಸುತ್ತಿದ್ದೆವು. ನಾನೂ ಅಮ್ಮನೂ ಬುಟ್ಟಿಗಟ್ಟಲೆ ನಿಂಬೆಹಣ್ಣು ಹಿಂಡಿ ಬಕೆಟ್ಟಿಗೆ ತುಂಬಬೇಕು. ನೀರಿನ ಸುಣ್ಣ ಗೋಡೆಗೂ ತಿರುಪಿಗೂ ಬೆಳ್ಳಗೆ ಹತ್ತಿಕೊಂಡರೆ ಐಸ್ ಅಲ್ಲೇ ಹಿಡಿದು ಕೂರುತ್ತದೆ, ಅದನ್ನು ನಿಂಬೆರಸದಲ್ಲಿ ತೊಳೆದು ತೆಗೆಯಬೇಕು. ಹಿಂಡಿದ ಸಿಪ್ಪೆಗಳನ್ನು ಅಮ್ಮ ಉಪ್ಪಿನಕಾಯಿ ಹಾಕುತ್ತಿದ್ದಳು. ನಮ್ಮ ಮನೆಯಲ್ಲಿ ಬೇರೆ ಉಪ್ಪಿನಕಾಯಿ ಕಂಡ ನೆನಪು ನನಗಿಲ್ಲ. ತೊಳೆದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಬೆರಳ ತುದಿಯಲ್ಲಿ ಅಡುಗೆ ಎಣ್ಣೆ ಸವರಬೇಕು. ಈ ಎಣ್ಣೆಯ ಉಪಾಯವನ್ನು ಅಪ್ಪ ಕಲಿತದ್ದು ಕಂಪ್ಯೂಟರಿನ ವಿಡಿಯೊಗಳಿಂದ. ಎಲ್ಲೋ ಹಿಮದ ದೇಶದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಕುರ್ಚಿ ಹಾಕಿ ಕೂತು, ಇಂಥದ್ದೇ ತಿರುಪಿನಿಂದ ತೂತು ಕೊರೆದು, ಆ ತೂತಿನಿಂದ ಮೀನು ಹಿಡಿಯುವ ಜನ. ಅವರಿಗೂ ನಮ್ಮದೇ ತಾಪತ್ರಯ. ತೂತು ಕೊರೆದಾದ ಮೇಲೆ ಒದ್ದೆ ತಿರುಪನ್ನು ಹಾಗೇ ಇಟ್ಟರೆ ಅದರ ಮೈಗೆಲ್ಲ ಐಸ್ ಅಂಟಿ ಮುಂದಿನ ತೂತಿಗೆ ಅಲಗು ಕಚ್ಚುವುದಿಲ್ಲ. ಅದಕ್ಕೆ ಅವರು ಕೊಡವಿ, ಒರೆಸಿ, ಅಡುಗೆ ಎಣ್ಣೆ ಹಚ್ಚುತ್ತಿದ್ದರು. ನಾವು ಮೂವರೂ ಚಪಾತಿ ತಿನ್ನುತ್ತಾ ಆ ದಪ್ಪ ಕೋಟಿನ ಗಂಡಸರನ್ನು ನೋಡುತ್ತಿದ್ದೆವು. ಅವರು ಮೀನಿಗೋಸ್ಕರ ಐಸ್ ಒಡೀತಾರೆ, ನೀವು ಮೀನಿಗೋಸ್ಕರ ಐಸ್ ಮಾಡ್ತೀರಿ, ಇಬ್ಬರಿಗೂ ಬೇರೆ ಕೆಲಸವಿಲ್ಲ ಎಂದು ಅಮ್ಮ ಚೇಷ್ಟೆ ಮಾಡುತ್ತಿದ್ದಳು. ಅವಳೇ ಮೊದಲ ಸಲ ಉತ್ಸಾಹದಿಂದ ಕೊಬ್ಬರಿ ಎಣ್ಣೆ ತಂದು ಹಚ್ಚಿದ್ದಳು. ಅದು ತಿರುಪಿನ ಮೇಲೆ ಮೇಣದ ಹಾಗೆ ಗಟ್ಟಿಯಾಗಿ ಕೂತು, ಅಪ್ಪ ಒಂದು ವಾರ ಅವಳನ್ನು ರೇಗಿಸಿದ. ಆಮೇಲಿನಿಂದ ಸೂರ್ಯಕಾಂತಿ ಎಣ್ಣೆ.

ಎಲ್ಲಕ್ಕಿಂತ ದೊಡ್ಡ ನಿಯಮ ನಿಲ್ಲಿಸುವುದರದ್ದು. ಓಡುವ ಮೆಷಿನ್ನನ್ನು ಪಟ್ಟನೆ ನಿಲ್ಲಿಸಬಾರದು. ಮೊದಲು ತಣ್ಣಗೆ ಮಾಡುವ ಯಂತ್ರವನ್ನು ಮಾತ್ರ ನಿಲ್ಲಿಸಿ, ತಿರುಪು ಅರ್ಧ ಗಂಟೆ ತಿರುಗುತ್ತಲೇ ಇರಬೇಕು, ಒಳಗಿನ ಐಸೆಲ್ಲ ಕರಗಿ ನೀರಾಗಿ ಹೋಗುವ ತನಕ. ಕರೆಂಟು ತಾನಾಗಿ ಹೋದರೆ ಅದಕ್ಕೆ ಸಮಯ ಸಿಗುವುದಿಲ್ಲ, ಆಗ ಮೇನ್ ಸ್ವಿಚ್ ಆರಿಸಿಟ್ಟು, ಕರೆಂಟು ಬಂದ ಮೇಲೂ ಅರ್ಧ ಗಂಟೆ ಮುಟ್ಟದೆ ಕಾಯಬೇಕು. ದೀಪ ಹೋದಾಗ ಅಕ್ಕಪಕ್ಕದ ಮನೆಯವರು ಮೇಣದಬತ್ತಿ ಹುಡುಕಿದರೆ ನಾವು ಮೇನ್ ಸ್ವಿಚ್ಚಿನ ಕಡೆ ಓಡುತ್ತಿದ್ದೆವು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಈಗ ನಾನಿರುವ ಪಾರ್ಕ್‌ಲ್ಯಾಂಡ್ಸಿನ ಫ್ಲ್ಯಾಟಿನಲ್ಲಿ ಫ್ರಿಜ್ಜಿನ ಸದ್ದು ನಿಂತರೆ ಮಾತಾಡುತ್ತಿದ್ದವಳು ನಡುವೆ ನಿಲ್ಲಿಸಿಬಿಡುತ್ತೇನೆ. ಫೋನನ್ನು ಎಂದೂ ನಾನು ಮೊದಲು ಇಡುವುದಿಲ್ಲ. ಜಗಳವಾಡಿದರೂ ಸ್ವಲ್ಪ ಹೊತ್ತು ಸುಮ್ಮನೆ ಏನಾದರೂ ಮಾತಾಡುತ್ತಲೇ ಇರುತ್ತೇನೆ. ವೆಸ್ಟ್‌ಲ್ಯಾಂಡ್ಸಿನ ನನ್ನ ಆಫೀಸಿನಲ್ಲಿ ಇದನ್ನು ಸಮಾಧಾನದ ಸ್ವಭಾವ ಎಂದು ಮೆಚ್ಚುತ್ತಾರೆ. ಸಮಾಧಾನವೂ ಇಲ್ಲ, ಮಣ್ಣೂ ಇಲ್ಲ. ಹೆದರಿಕೆ.

ಭಾನುವಾರ ತೊಳೆಯುವ ಹೊತ್ತು ಬಿಟ್ಟರೆ ಆಯುಧಪೂಜೆಗೆ ಮಾತ್ರ ಮೆಷಿನ್ನಿಗೆ ರಜೆ. ಪೂಜೆಯ ಹೊತ್ತಿಗೆ ಆಯುಧ ಕೆಲಸ ಮಾಡುತ್ತಿರಬಾರದು, ಮಂಗಳಾರತಿಯಾದ ಮೇಲೆ ಮತ್ತೆ ಚಾಲೂ. ಇದಕ್ಕೆ ಗಂಟೆ ಎಷ್ಟು ಎಂಬುದರ ಮೇಲೆ ಪ್ರತಿ ವರ್ಷ ಮನೆಯಲ್ಲಿ ಒಂದು ಸಣ್ಣ ಯುದ್ಧ. ಅಮ್ಮನ ಅಣ್ಣ, ನನ್ನ ದೊಡ್ಡ ಮಾವ, ಮೈಸೂರಿನಲ್ಲಿ ಕೂತು ಪಂಚಾಂಗ ನೋಡಿ ಮುಹೂರ್ತ ಹೇಳುವವರು. ಮುಹೂರ್ತ ಎಂದರೆ ಮೈಸೂರಿನ ಮುಹೂರ್ತವೇ, ನೀವು ಎರಡೂವರೆ ಗಂಟೆ ಕಳೆದು ಅದೇ ಕ್ಷಣಕ್ಕೆ ಮಾಡಬೇಕು ಎಂಬುದು ಅವರ ವಾದ. ಸೂರ್ಯ ಇಲ್ಲಿ ಹುಟ್ಟುವುದು ಇಲ್ಲಿನ ಗಡಿಯಾರಕ್ಕೆ, ಅಲ್ಲಿ ಹನ್ನೊಂದಾದರೆ ಇಲ್ಲೂ ಹನ್ನೊಂದೇ ಎಂಬುದು ಅಪ್ಪನ ವಾದ. ಪ್ರತಿ ವರ್ಷ ಗೆಲ್ಲುತ್ತಿದ್ದದ್ದು ಅಪ್ಪ. ಹತ್ತು ಗಂಟೆಯ ಸುಮಾರಿಗೆ ತಣ್ಣಗೆ ಮಾಡುವುದನ್ನು ನಿಲ್ಲಿಸಿ, ತಿರುಪನ್ನು ತಿರುಗಲು ಬಿಟ್ಟು, ಸ್ನಾನಕ್ಕೆ ಹೋಗುತ್ತಿದ್ದ. ಅಮ್ಮ ಅಷ್ಟರಲ್ಲಿ ಎಸ್‌ಕ್ಯೂ ಬಾಗಿಲಿಗೆ ರಂಗೋಲಿ ಹಾಕಿ ಮುಗಿಸುತ್ತಿದ್ದಳು.

ಒಂದು ವರ್ಷ ಮಳೆ ಸರಿಯಾಗಿ ಆಗಲಿಲ್ಲ. ಊರಿನ ನಲ್ಲಿ ನೀರು ವಾರಕ್ಕೊಮ್ಮೆ ಬರುವಂತಾಗಿ, ಲಾರಿಯಲ್ಲಿ ಬೋರ್‌ವೆಲ್ ನೀರು ತರಿಸಬೇಕಾಯಿತು. ಅದು ಬರೀ ಸುಣ್ಣದ ನೀರು. ಎಷ್ಟು ನಿಂಬೆಹಣ್ಣು ಹಿಂಡಿದರೂ ಬುಧವಾರದ ಹೊತ್ತಿಗೆ ತಿರುಪು ಕೀಂಯ್ ಎಂದು ಅಳಲು ಶುರುಮಾಡುತ್ತಿತ್ತು. ಅಪ್ಪ ಓಡಿಹೋಗಿ ನಿಲ್ಲಿಸಿ, ಕರಗಿಸಿ, ಒರೆಸಿ, ಎಣ್ಣೆ ಸವರಿ ಮತ್ತೆ ಚಾಲೂ ಮಾಡುವನು. ಕಿಸುಮುವಿನವರು ಮತ್ತೆ ಫೋನ್ ಮಾಡಿದ್ದರು. ಅಪ್ಪ ಈ ಸಲ ಬರೋದಿಲ್ಲ ಎನ್ನದೆ, ನೋಡೋಣ ಎಂದಿದ್ದ. ಆ ‘ನೋಡೋಣ’ ಕೇಳಿದ ಮೇಲೆ ಅಮ್ಮ ಮೆಷಿನ್ನಿಗೆ ದೃಷ್ಟಿ ತಾಗಿದೆ ಎನ್ನತೊಡಗಿದಳು. ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾನಂತೂ ಸ್ಕೂಲಿನಿಂದ ಬಂದವಳೇ ಬ್ಯಾಗು ಇಳಿಸದೆ ಅಡುಗೆಮನೆಗೆ ಹೋಗಿ ಗೋಡೆಗೆ ಕೈಯಿಡುತ್ತಿದ್ದೆ.

ಆಯುಧಪೂಜೆ ಶನಿವಾರ ಬಂದಿತ್ತು. ನಾನು ರೇಷ್ಮೆ ಲಂಗ ಉಟ್ಟು ನಿಂತಿದ್ದೆ, ಅಮ್ಮ ಹೂವು ಕಟ್ಟುತ್ತಿದ್ದಳು, ಅಪ್ಪ ಆಗಿನ್ನೂ ಕಾಫಿ ಕುಡಿಯುತ್ತಿದ್ದ. ಮಾವನ ಫೋನ್ ಬಂತು. ಈ ವರ್ಷದ ಮುಹೂರ್ತ ಅಲ್ಲಿನ ಹನ್ನೊಂದೂವರೆಗೆ ಮುಗಿಯುತ್ತದಂತೆ, ಅಂದರೆ ನಮ್ಮ ಒಂಬತ್ತಕ್ಕೆ. ಅಷ್ಟರೊಳಗೆ ಪೂಜೆ ಮಾತ್ರವಲ್ಲ, ಮೆಷಿನ್ ಮತ್ತೆ ಚಾಲೂ ಆಗಿರಬೇಕು. ಆಮೇಲೆ ಹಚ್ಚಿದರೆ ವರ್ಷವಿಡೀ ತೊಂದರೆ ತಪ್ಪುವುದಿಲ್ಲ. ಗೋಡೆಯ ಗಡಿಯಾರದಲ್ಲಿ ಆಗ ಒಂಬತ್ತಕ್ಕೆ ಇಪ್ಪತ್ತು ನಿಮಿಷವಿತ್ತು. ಅಮ್ಮ ಫೋನನ್ನು ಎದೆಗೆ ಒತ್ತಿಕೊಂಡು ಅಪ್ಪನ ಕಡೆ ತಿರುಗಿದಳು.

“ರೀ, ಇದೊಂದು ವರ್ಷ ಅಣ್ಣ ಹೇಳಿದ ಹಾಗೆ ಮಾಡೋಣ.”

“ನಿಲ್ಸಕ್ಕೇ ಅರ್ಧ ಗಂಟೆ ಬೇಕು ಸುಮಿ. ನಿಂಗೇ ಗೊತ್ತಲ್ಲ.”

“ಗೊತ್ತು. ನೀವು ಕಿಸುಮುಗೆ ಹೋಗಬಾರದು ಅಂತಾನೇ ಕೇಳ್ತಿರೋದು.”

ಅಮ್ಮ ಹಟ ಹಿಡಿದಿದ್ದರೆ, ಕೂಗಾಡಿದ್ದರೆ, ಅವನು ನಕ್ಕು ತಳ್ಳಿಹಾಕುತ್ತಿದ್ದ. ಅವಳು ಹಾಗೆ ಮೆಲ್ಲಗೆ ಕೇಳಿದ್ದು ಅವನ ಕೈ ಕಟ್ಟಿಹಾಕಿತು. ಅವನು ಲೋಟ ಕೆಳಗಿಟ್ಟು ಎದ್ದ. ನಾನು ಆಗ ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ನೈರೋಬಿಯಲ್ಲಿ ಬೆಳೆದ ಎಲ್ಲರ ಹಾಗೆ.

“ಬಟ್ ಅಪ್ಪಾ, ದಿ ಸ್ಕ್ರೂ ವಿಲ್ ಫ್ರೀಜ್.”

“ಗೊತ್ತಮ್ಮ,” ಎಂದ ಅಪ್ಪ. “ಒಂದ್ ಸಲಕ್ಕೆ ಏನಾಗಲ್ಲ. ನೀನು ಗಂಟೆ ತಗೊಂಡ್ ಬಾ.”

ಮೂವರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಒಬ್ಬರನ್ನೊಬ್ಬರು ಬೈದುಕೊಂಡು ಹಗುರಾಗಬಹುದಿತ್ತು. ಅಪ್ಪ ಮೇನ್ ಸ್ವಿಚ್ ಇಳಿಸಿದ. ಗೋಡೆ ನಿಂತಿತು, ಲೋಟಗಳು ನಿಂತವು. ಅಮ್ಮ ಓಡೋಡಿ ಮೆಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಕೆಳಗೆ ನಿಂಬೆಹಣ್ಣು ಇಟ್ಟಳು. ಮಾವ ಫೋನಿನ ಸ್ಪೀಕರಿನಲ್ಲಿ ಮಂತ್ರ ಹೇಳುತ್ತಿದ್ದರು. ನಡುವೆ ಲೈನು ಕಡಿಯಿತು, ಮತ್ತೆ ಹಚ್ಚಿದೆವು, ಅವರು ಬಿಟ್ಟಲ್ಲಿಂದ ಶುರುಮಾಡದೆ ಮೊದಲಿನಿಂದ ಹೇಳಿದರು. ನಾನು ಗಂಟೆ ಹಿಡಿದು ಕಾಯುತ್ತಿದ್ದೆ. ಮಂತ್ರದ ಸಂದಿಯಲ್ಲಿ ಮೆಷಿನ್ನಿನ ಒಳಗಿನಿಂದ ಟಿಕ್, ಟಿಕ್ ಎಂದು ಸದ್ದು ಕೇಳಿಸಿತು. ನಿಂತ ನೀರು ತಣ್ಣನೆಯ ಗೋಡೆಗಳ ನಡುವೆ ಬಿಗಿಯುತ್ತಿತ್ತು. ನಾನು ಅಪ್ಪನನ್ನು ನೋಡಿದೆ. ಅವನೂ ಅದನ್ನೇ ಕೇಳಿಸಿಕೊಳ್ಳುತ್ತಿದ್ದ. ಅವನು ನನ್ನ ಕಣ್ಣು ತಪ್ಪಿಸಿ ದೀಪದ ಕಡೆ ನೋಡಿದ. ಅಮ್ಮ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು, ಅವಳ ತುಟಿ ಅಲ್ಲಾಡುತ್ತಿತ್ತು. ಮಂಗಳಾರತಿಗೆ ನಾನು ಗಂಟೆ ಬಾರಿಸಿದೆ, ಆ ಸದ್ದು ಕೇಳಬಾರದೆಂದು ಜೋರಾಗಿ ಬಾರಿಸಿದೆ.

ಒಂಬತ್ತಕ್ಕೆ ಇನ್ನೇನು ಎರಡೋ ಮೂರೋ ನಿಮಿಷ ಇರುವಾಗ ಅಪ್ಪ ಸ್ವಿಚ್ ಎತ್ತಿದ. ಮೋಟಾರು ಊಂ ಎಂದು ಮುಲುಗಿತು, ತಿರುಪು ತಿರುಗಲಿಲ್ಲ. ಅಪ್ಪನ ಕೈ ಸ್ವಿಚ್ಚಿಗೆ ವಾಪಸು ಹೋಗುವಷ್ಟರಲ್ಲಿ ಒಣಕೊಬ್ಬರಿ ಗಿಟುಕು ಒಡೆದ ಹಾಗೆ ಒಂದು ಸದ್ದು. ಆಮೇಲೆ ಮೋಟಾರು ಹಗುರಾಗಿ, ಸಲೀಸಾಗಿ, ಸಣ್ಣಗೆ ಗುಂಯ್ ಎನ್ನುತ್ತಾ ತಿರುಗತೊಡಗಿತು. ಒಳಗಿನ ಹಲ್ಲುಚಕ್ರ ಮುರಿದು ಮೋಟಾರು ಬರಿದೇ ತಿರುಗುತ್ತಿತ್ತು. ಫೋನಿನಲ್ಲಿ ಮಾವನಿಗೆ ಮೋಟಾರು ತಿರುಗುವ ಸದ್ದು ಮಾತ್ರ ಕೇಳಿಸಿತು.

“ಶುರುವಾಯ್ತಾ? ಒಳ್ಳೇದಾಯ್ತು, ಇನ್ನೇನೂ ಭಯ ಇಲ್ಲ.”

“ಆಯ್ತು ಭಾವ,” ಎಂದ ಅಪ್ಪ.

ಅದೇ ಹೊತ್ತಿಗೆ ಗೇಟಿನ ಹೊರಗೆ ಟುಕ್‌ಟುಕ್ ಬಂದು ನಿಂತು ‘ಬರಾಫು’ ಎಂದು ಕೂಗು ಕೇಳಿಸಿತು. ಐಸ್ ಉದುರಿ ಬೀಳುವ ಪೆಟ್ಟಿಗೆಯಲ್ಲಿ ಉಳಿದಿದ್ದಷ್ಟನ್ನು ಅಪ್ಪ ಬಕೆಟ್ಟಿಗೆ ತೋಡಿ ಹೊತ್ತುಕೊಂಡು ಹೋದ. ಮೆಷಿನ್ ಮುರಿಯಿತು ಎಂದಷ್ಟೇ ಹೇಳಿದ. ಮಾಮಾ ಅಕಿನ್ಯಿ ‘ಪೋಲೆ’ ಎಂದಳು. ಅಯ್ಯೋ ಪಾಪ ಎನ್ನುವುದಕ್ಕೂ, ಕ್ಷಮಿಸಿ ಎನ್ನುವುದಕ್ಕೂ, ನನ್ನ ಕೈಲಿ ಏನೂ ಆಗುವುದಿಲ್ಲ ಎನ್ನುವುದಕ್ಕೂ ಈ ಊರಿನಲ್ಲಿ ಇದೊಂದೇ ಮಾತು. ಅಮ್ಮ ಅಪ್ಪನ ಹಿಂದೆಯೇ ಹೋಗಿ ಗೇಟು ತೆಗೆದು ಅವಳನ್ನು ಒಳಗೆ ಬಾ ಎಂದಳು, ಜಗಲಿಯ ಮೇಲೆ ಕೂರಿಸಿ ಪಾಯಸ ಕೊಟ್ಟಳು. ಮೀನಿನ ಕ್ರೇಟು ಕೂಡ ಒಳಗೆ ಬಂತು. ಅಮ್ಮ ಅದನ್ನು ನೋಡಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಆಮೇಲಿನ ವಾರಗಳಲ್ಲಿ ಅಪ್ಪ ಮಾಡದ ಪ್ರಯತ್ನವಿಲ್ಲ. ಆ ಮಾದರಿಯ ಮೆಷಿನ್ ಮಾಡುವುದನ್ನೇ ಕಂಪನಿಯವರು ನಿಲ್ಲಿಸಿದ್ದರು. ಲೇತಿನವನ ಹತ್ತಿರ ಮಾಡಿಸಿ ತಂದ ಹಲ್ಲುಚಕ್ರ ಮೊದಲ ದಿನವೇ ತೇದುಹೋಯಿತು. ತಿರುಪೇ ಸೊಟ್ಟಗಾಗಿತ್ತು, ಗೋಡೆಯನ್ನು ಒಂದು ಕಡೆ ಹೆರೆದರೆ ಇನ್ನೊಂದು ಕಡೆ ಬಿಡುತ್ತಿತ್ತು. ಭಾನುವಾರ ಅವನು ಆ ಸೊಟ್ಟ ತಿರುಪನ್ನು ಬೆಡ್‌ಶೀಟಿನ ಮೇಲೆ ಮಲಗಿಸಿ ಎಂದಿನ ಹಾಗೆ ಒರೆಸಿ ಎಣ್ಣೆ ಹಚ್ಚುತ್ತಿದ್ದ. ಅಮ್ಮ ಎಂದಿನ ಹಾಗೆ ನಿಂಬೆಹಣ್ಣು ಹಿಂಡುತ್ತಿದ್ದಳು. ಬೇಡ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಆ ಶನಿವಾರದ ಬೆಳಿಗ್ಗೆಯ ಮಾತನ್ನು ಅವರಿಬ್ಬರೂ ಎತ್ತಲೇ ಇಲ್ಲ. ಕೇಳಿದವರಿಗೆಲ್ಲ ಅಪ್ಪ ಹೇಳುತ್ತಿದ್ದದ್ದು ಒಂದೇ: ಹಳೇ ಮೆಷಿನ್ನು, ಅದರ ಆಯುಸ್ಸು ಮುಗಿದಿತ್ತು. ಅಮ್ಮ ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಅವನು ಒಂದು ಸಲವಾದರೂ ನಿನ್ನಿಂದ ಎಂದಿದ್ದರೆ ಅವಳಿಗೆ ಅಳಲು ಒಂದು ದಾರಿಯಾದರೂ ಆಗುತ್ತಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಅಪ್ಪನ ಒಳ್ಳೆಯತನ ಅವಳನ್ನು ಉಸಿರುಕಟ್ಟಿಸಿತು. ನಾನು ಇಬ್ಬರ ನಡುವೆ ಕೂತು ಅನ್ನ ಕಲಸುತ್ತಿದ್ದೆ.

ಅಪ್ಪ ಕಿಸುಮುಗೆ ಹೊರಟ ದಿನ ಅಮ್ಮ ಚಪಾತಿ, ನಿಂಬೆ ಸಿಪ್ಪೆಯ ಉಪ್ಪಿನಕಾಯಿ ಕಟ್ಟಿಕೊಟ್ಟಳು. ಅಪ್ಪ ಬೂಟು ಹಾಕಿಕೊಂಡ ಮೇಲೂ ಒಮ್ಮೆ ಎಸ್‌ಕ್ಯೂ ಕಡೆ ಹೋಗಿ ಬಂದ. ಬಸ್ ಸ್ಟ್ಯಾಂಡಿಗೆ ಹೋಗಲು ಟ್ಯಾಕ್ಸಿ ಬಂದಾಗ ನನ್ನ ತಲೆಯ ಮೇಲೆ ಕೈಯಿಟ್ಟ, ಟಿವಿ ನೋಡುವಾಗ ಇಡುತ್ತಿದ್ದ ಹಾಗೆ, ಸ್ವಲ್ಪ ಹೊತ್ತು ತೆಗೆಯಲಿಲ್ಲ. ಹೋಗಬೇಡ ಎಂದು ಹೇಳಲು ನನಗೆ ಕನ್ನಡದಲ್ಲೂ ಬಾಯಿ ಬರಲಿಲ್ಲ, ಇಂಗ್ಲಿಷಿನಲ್ಲೂ ಬರಲಿಲ್ಲ. ಸಂಜೆ ಅಮ್ಮ ಅಕ್ಕಿ ಉದ್ದು ರುಬ್ಬಿದಳು, ಪಾತ್ರೆಯನ್ನು ಎತ್ತಿಕೊಂಡು ಹೋಗಿ ಮೆಷಿನ್ನಿನ ಹಿಂದೆ ಇಟ್ಟು ಬಂದಳು. ಅಲ್ಲಿ ಈಗ ಬಿಸಿಗಾಳಿ ಎಲ್ಲಿಂದ ಬರಬೇಕು ಎಂದು ಕೇಳಬೇಕೆಂದಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಹಿಟ್ಟು ರಾತ್ರಿ ಇಟ್ಟ ಮಟ್ಟದಲ್ಲೇ ಇತ್ತು, ಮೇಲೊಂದಿಷ್ಟು ನೀರು ನಿಂತಿತ್ತು. ಅಮ್ಮ ಅದನ್ನೇ ತಟ್ಟೆಗೆ ಹುಯ್ದು ಬೇಯಿಸಿದಳು. ಬಿಲ್ಲೆಗಳ ಹಾಗಿದ್ದ ಇಡ್ಲಿ ತಟ್ಟೆಯಲ್ಲಿ ಸದ್ದು ಮಾಡಿತು. ಅಷ್ಟರಲ್ಲಿ ಅಪ್ಪನ ಫೋನ್ ಬಂತು, ಅಮ್ಮ ಸ್ಪೀಕರಿಗೆ ಹಾಕಿದಳು. ತಲುಪಿದ್ದು, ಕೋಣೆ, ಸೆಖೆ ಎಲ್ಲ ಹೇಳಿದ.

“ಹಿಟ್ಟು ಉಬ್ಬಿತಾ?” ಎಂದು ಕೇಳಿದ ಅಪ್ಪ.

ಅಮ್ಮ ನನ್ನ ಕಡೆ ನೋಡಲಿಲ್ಲ, ಗೋಡೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

“ಉಬ್ಬಿತು ರೀ,” ಎಂದಳು. “ಮುಚ್ಚಳ ತಳ್ಳಿಕೊಂಡು ಬಂದಿತ್ತು.”

“ಸರಿ,” ಎಂದ ಅಪ್ಪ. ಅವನು ಆ ಕಡೆಯಿಂದ ಫೋನ್ ಇಡಲಿಲ್ಲ, ಅವಳೂ ಇಡಲಿಲ್ಲ.